ಹಳದಿ ಬಸ್ಸು ನಿಂತಾಗ: ಅಮೆರಿಕದಲ್ಲಿ ಹೊಸದಾಗಿ ಕಾರು ಓಡಿಸುವ ಕನ್ನಡಿಗರಿಗೆ

ಬೆಂಗಳೂರಿನಲ್ಲಿ ಹತ್ತು ವರ್ಷ ಗಾಡಿ ಓಡಿಸಿ ಬಂದವನು ನಾನು. ಮುಂದೆ ಬಿಎಂಟಿಸಿ ಬಸ್ಸು ನಿಂತರೆ ಸ್ಟೇರಿಂಗನ್ನು ಬಲಕ್ಕೆ ಎಳೆದು, ಹಾರ್ನ್ ಒತ್ತಿ, ಸಿಕ್ಕ ಸಂದಿಯಲ್ಲಿ ನುಗ್ಗಿಕೊಂಡು ಹೋಗುವುದು ಕೈಗೇ ಅಭ್ಯಾಸವಾಗಿತ್ತು. ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ. ನ್ಯೂಜೆರ್ಸಿಗೆ ಬಂದ ಮೊದಲ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಎರಡೇ ಲೇನಿನ ರಸ್ತೆಯಲ್ಲಿ ಆಫೀಸಿಗೆ ಹೊರಟಿದ್ದೆ. ಎದುರಿನಿಂದ ಬಂದ ಹಳದಿ ಶಾಲಾ ಬಸ್ಸೊಂದು ನಿಂತಿತು. ನನ್ನ ಮುಂದೆಯೇ ನಿಂತಿದ್ದರೆ ಬಹುಶಃ ನಾನೂ ನಿಲ್ಲುತ್ತಿದ್ದೆ. ಇದು ಆ ಕಡೆಯ ಬಸ್ಸು, ನನಗೇನು ಅಂದುಕೊಂಡು ಸಾಗಿದೆ. ಬಸ್ಸಿನ ಡ್ರೈವರಮ್ಮ ಉದ್ದಕ್ಕೆ ಹಾರ್ನ್ ಒತ್ತಿ ಹಿಡಿದರು. ಕನ್ನಡಿಯಲ್ಲಿ ನೋಡಿದರೆ, ಬಸ್ಸಿನ ಮೂತಿಯ ಪಕ್ಕದಲ್ಲಿ, ನಾನು ಆಗಷ್ಟೇ ದಾಟಿ ಬಂದ ಲೇನಿನ ಅಂಚಿನಲ್ಲಿ, ನೀಲಿ ಲಂಚ್ ಬ್ಯಾಗ್ ಹಿಡಿದ ಹುಡುಗನೊಬ್ಬ ಒಂದು ಕಾಲು ಮುಂದಿಟ್ಟು ಹಾಗೇ ನಿಂತಿದ್ದ.

ಆವತ್ತು ದಂಡದ ಟಿಕೆಟ್ ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ. ಆಮೇಲೆ ಎಷ್ಟೋ ಜನ ಹೊಸಬರನ್ನು ಪಕ್ಕದಲ್ಲಿ ಕೂತು ಡ್ರೈವಿಂಗ್ ಟೆಸ್ಟಿಗೆ ತಯಾರು ಮಾಡಿದ್ದೇನೆ. ಪ್ಯಾರಲಲ್ ಪಾರ್ಕಿಂಗಿಗೆ ಹೆದರುವವರೇ ಎಲ್ಲರೂ. ಶಾಲಾ ಬಸ್ಸಿನ ಬಗ್ಗೆ ತಾನಾಗಿ ಕೇಳುವವರು ಕಡಿಮೆ. ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಕೂರಲಿ. ಮಕ್ಕಳನ್ನು ಹತ್ತಿಸಲು, ಇಳಿಸಲು ಶಾಲಾ ಬಸ್ಸು ಕೆಂಪು ದೀಪ ಹಾಕಿ ನಿಂತರೆ ಹಿಂದಿನಿಂದ ಬರುವವರು ನಿಲ್ಲಬೇಕು, ಹಲವು ರಸ್ತೆಗಳಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು ಎನ್ನುವುದು ಇಲ್ಲಿಯ ಕಾನೂನು. ಈ ಕಾನೂನಿನ ಕಣ್ಣು ಇರುವುದು ರಸ್ತೆ ದಾಟುವ ಮಗುವಿನ ಮೇಲೆ. ಇಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ಬಸ್ಸಿನ ಬಾಗಿಲೂ ಬಲಕ್ಕೇ ಇರುತ್ತದೆ. ಮನೆ ರಸ್ತೆಯ ಎಡಬದಿಯಲ್ಲಿದ್ದರೆ ಮಗು ಇಳಿದು, ಬಸ್ಸಿನ ಮೂತಿಯನ್ನು ಬಳಸಿ, ಎದುರು ಲೇನಿಗೆ ಅಡ್ಡವಾಗಿ ನಡೆಯಬೇಕು. ಎದುರಿನಿಂದ ಬರುವವನಿಗೆ ಆ ಮಗು ಕೊನೆಯ ಕ್ಷಣದವರೆಗೂ ಬಸ್ಸಿನ ಮರೆಯಲ್ಲಿರುತ್ತದೆ. ಮುಂದೆ ಬರುವ ಅಡಿ, ಲೇನು, ಡಾಲರುಗಳ ಲೆಕ್ಕವೆಲ್ಲ ಈ ಒಂದು ಚಿತ್ರದಿಂದ ಹುಟ್ಟಿದ್ದು. ಗೊಂದಲವಾದಾಗ ಕಾನೂನು ನೆನಪಾಗದಿದ್ದರೂ ಈ ಚಿತ್ರ ನೆನಪಾದರೆ ಸಾಕು.

ಹೆಜ್ಜೆ 1: ಬಸ್ಸನ್ನು, ಅದರ ದೀಪಗಳನ್ನು ಗುರುತು ಹಿಡಿಯಿರಿ

ಹಳದಿ ಬಣ್ಣವೇ ಮೊದಲ ಗುರುತು. 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಒಂದು ಸಮ್ಮೇಳನ ಕರೆದಿದ್ದರು. ಒಂದೊಂದು ಊರಲ್ಲಿ ಒಂದೊಂದು ಬಣ್ಣದಲ್ಲಿ ಓಡುತ್ತಿದ್ದ ಶಾಲಾ ಬಸ್ಸುಗಳಿಗೆ ಒಂದೇ ಬಣ್ಣ ಗೊತ್ತಾದದ್ದು ಅಲ್ಲಿ. ಮುಂಜಾನೆಯ ಅರೆಬೆಳಕಿನಲ್ಲಿ ಈ ಹಳದಿಯ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ ಎನ್ನುವುದು ಕಾರಣ. ನಮ್ಮ ಊರಿನ ಶಾಲಾ ಬಸ್ಸುಗಳೂ ಹಳದಿಯೇ, ಆದರೆ ಅದರ ಜೊತೆಗಿರುವ ಈ ‘ಎಲ್ಲರೂ ನಿಲ್ಲಿ’ ಎನ್ನುವ ಕಾನೂನು ನಮ್ಮ ರಸ್ತೆಗಳ ರೂಢಿಯಲ್ಲಿಲ್ಲ. ಗಂಟು ಇರುವುದೇ ಅಲ್ಲಿ: ಕಣ್ಣಿಗೆ ಪರಿಚಯದ ಬಸ್ಸು, ಕಾಲಿಗೆ ಪರಿಚಯವಿಲ್ಲದ ನಿಯಮ.

ಬಸ್ಸಿನ ನೆತ್ತಿಯ ಹತ್ತಿರ ಮುಂದೆಯೂ ಹಿಂದೆಯೂ ದೀಪಗಳ ಸಾಲು ಇರುತ್ತದೆ. ಹೊರಗಿನವು ಕೆಂಪು, ಅವುಗಳ ಪಕ್ಕ ಒಳಗಿನವು ಹಳದಿ. ಇವು ಒಂದಾದ ಮೇಲೊಂದು, ಎಡಬಲ ಅದಲುಬದಲಾಗಿ ಮಿಣುಕುತ್ತವೆ. ಡ್ರೈವರ್ ಕಿಟಕಿಯ ಕೆಳಗೆ, ಬಸ್ಸಿನ ಎಡಮೈಯಲ್ಲಿ, ಎಂಟು ಮೂಲೆಯ ಕೆಂಪು ಸ್ಟಾಪ್ ಬೋರ್ಡು ಮಡಚಿಕೊಂಡಿರುತ್ತದೆ. ಇದೇ ಸ್ಟಾಪ್ ಆರ್ಮ್. 1992ರಿಂದ ಹೊಸ ಶಾಲಾ ಬಸ್ಸುಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಇದು ಕಡ್ಡಾಯ.

ಇವುಗಳ ಜೊತೆ ಬೆರೆಸಬಾರದ ದೀಪಗಳು ಎರಡಿವೆ. ಒಂದು, ನಮ್ಮ ಕಾರಿನಲ್ಲೂ ಇರುವ ಹಜಾರ್ಡ್ ಲೈಟ್, ಅಂದರೆ ಎರಡೂ ಇಂಡಿಕೇಟರ್ ಒಟ್ಟಿಗೆ ಮಿಣುಕುವುದು. ಬಸ್ಸು ಕೆಟ್ಟು ನಿಂತಾಗ, ರೈಲ್ವೆ ಗೇಟಿನ ಹತ್ತಿರ ಬಂದಾಗ ಅದನ್ನು ಹಾಕುತ್ತಾರೆ. ಇನ್ನೊಂದು, ಛಾವಣಿಯ ಮೇಲೆ ಹೊಳೆಯುವ ಬಿಳಿ ದೀಪ. ಮಂಜಿನಲ್ಲಿ ಬಸ್ಸು ಕಾಣಲಿ ಅಂತ ಇರುವುದು. ಇವೆರಡಕ್ಕೂ ‘ನಿಲ್ಲು’ ಅಂತ ಅರ್ಥವಿಲ್ಲ, ‘ಹುಷಾರು’ ಅಂತ ಮಾತ್ರ. ಹಾಗೆಯೇ ಊರಿನ ಸಾರ್ವಜನಿಕ ಬಸ್ಸಿಗೆ ಈ ಕಾನೂನು ಅನ್ವಯಿಸುವುದಿಲ್ಲ. ನನ್ನ ಗೆಳೆಯನೊಬ್ಬ ಹೊಸದರಲ್ಲಿ ಸಿಟಿ ಬಸ್ಸಿನ ಹಿಂದೆಯೂ ಭಕ್ತಿಯಿಂದ ನಿಂತು ಹಿಂದಿನವರಿಂದ ಹಾರ್ನ್ ತಿನ್ನುತ್ತಿದ್ದ. ಆ ತಪ್ಪಿಗೆ ದಂಡವಿಲ್ಲ, ಬಿಡಿ.

ಹೆಜ್ಜೆ 2: ಹಳದಿ ದೀಪ ಕಂಡ ಕೂಡಲೇ ಕಾಲು ತೆಗೆಯಿರಿ

ನಿಲ್ಲುವುದಕ್ಕೆ ಮುಂಚೆ ಡ್ರೈವರ್ ಹಳದಿ ದೀಪ ಹಾಕುತ್ತಾರೆ. ‘ಮುಂದೆ ನಿಲ್ಲಿಸಲಿದ್ದೇನೆ, ನೀವೂ ತಯಾರಾಗಿ’ ಎಂದು ಅದರ ಅರ್ಥ. ಸಿಗ್ನಲ್ಲಿನಲ್ಲಿ ಹಳದಿ ಬಿದ್ದಾಗ ಗ್ಯಾಸ್ (ಆಕ್ಸಿಲರೇಟರ್) ಒತ್ತಿ ಪಾರಾಗುವ ಬುದ್ಧಿ ನಮಗೆಲ್ಲ ಇದೆ. ಇಲ್ಲಿ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಲೆಕ್ಕ ಹಾಕಿ ನೋಡಿ. ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 66 ಅಡಿ ಓಡುತ್ತದೆ. ದೀಪ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೂ 100 ಅಡಿ ಹೋಯಿತು. ಒಣ ರಸ್ತೆಯಲ್ಲಿ ಬ್ರೇಕ್ ಬಿಗಿಯಾಗಿ ಒತ್ತಿದ ಮೇಲೂ ಹೆಚ್ಚುಕಡಿಮೆ ಇನ್ನೊಂದು 100 ಅಡಿ. ಒಟ್ಟು 200 ಅಡಿ. ಮಳೆ, ಹಿಮ, ಒದ್ದೆ ಎಲೆ ಇದ್ದರೆ ಇನ್ನೂ ದೂರ. ಕೆಂಪು ಬೀಳಲಿ ಆಮೇಲೆ ನೋಡೋಣ ಅಂದುಕೊಂಡರೆ, ನೋಡುವ ಹೊತ್ತಿಗೆ ನೀವು ಬಸ್ಸಿನ ಪಕ್ಕದಲ್ಲಿರುತ್ತೀರಿ.

ಹಾಗಾಗಿ ಹಳದಿ ಕಂಡ ತಕ್ಷಣ ಗ್ಯಾಸಿನಿಂದ ಕಾಲು ತೆಗೆದು, ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆ ನೋಡಿ, ಬ್ರೇಕನ್ನು ಮೆತ್ತಗೆ ಒತ್ತಲು ಶುರು ಮಾಡಿ. ನಿಮ್ಮ ಬ್ರೇಕ್ ದೀಪ ಹಿಂದಿನವನಿಗೆ ಬೇಗ ಕಾಣಬೇಕು. ಬಸ್ಸಿನ ಹಿಂದೆ ನಿಂತ ಕಾರಿಗೆ ಹಿಂದಿನ ಕಾರು ಬಂದು ಗುದ್ದುವುದು ಅಪರೂಪವಲ್ಲ. ಹಳದಿ ಬಿದ್ದಾಗ ನೀವಾಗಲೇ ಬಸ್ಸಿನ ಪಕ್ಕದಲ್ಲೇ ಇದ್ದರೆ ಗಾಬರಿಯಿಂದ ಅಲ್ಲೇ ನಿಲ್ಲಿಸಬೇಡಿ. ಆಚೀಚೆ ಮಗು ಇಲ್ಲವೆಂದು ನೋಡಿಕೊಂಡು ನಿಧಾನವಾಗಿ ಮುಂದೆ ಸರಿಯಿರಿ.

ಹೆಜ್ಜೆ 3: ಕೆಂಪು ದೀಪ, ಚಾಚಿದ ಆರ್ಮ್: ಪೂರ್ತಿ ನಿಲ್ಲಿ

ಬಸ್ಸು ನಿಂತು, ಕೆಂಪು ದೀಪ ಮಿಣುಕಿ, ಸ್ಟಾಪ್ ಆರ್ಮ್ ಹೊರಕ್ಕೆ ತೆರೆದುಕೊಂಡರೆ ನಿಲ್ಲಬೇಕು. ಅಮೆರಿಕದ 50 ರಾಜ್ಯಗಳಲ್ಲೂ ಇದು ಕಾನೂನು. ಬಸ್ಸಿನ ಹಿಂದೆ ಬರುವವರಿಗೆ ವಿನಾಯಿತಿ ಇಲ್ಲವೆಂದೇ ತಿಳಿಯಿರಿ. ರಸ್ತೆ ಎಷ್ಟೇ ಅಗಲವಿರಲಿ, ನೀವು ಮೂರನೇ ಲೇನಿನಲ್ಲಿರಿ, ಅದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ನಿಲ್ಲಬೇಕು ಅಷ್ಟೇ. ನಿಧಾನ ಮಾಡಿ ಉರುಳಿಕೊಂಡು ಹೋದರೆ ಅದು ನಿಂತ ಲೆಕ್ಕಕ್ಕೆ ಬರುವುದಿಲ್ಲ. ಚಕ್ರ ಪೂರ್ತಿ ನಿಲ್ಲಬೇಕು.

ಎಷ್ಟು ದೂರದಲ್ಲಿ? ರಾಜ್ಯಕ್ಕೊಂದು ಅಳತೆ. ನ್ಯೂಜೆರ್ಸಿಯಲ್ಲಿ ಕನಿಷ್ಠ 25 ಅಡಿ, ನ್ಯೂಯಾರ್ಕಿನಲ್ಲಿ 20, ಪೆನ್ಸಿಲ್ವೇನಿಯಾದಲ್ಲಿ 10. ಇವನ್ನೆಲ್ಲ ಬಾಯಿಪಾಠ ಮಾಡುವ ಬದಲು ಎರಡು ಕಾರಿನ ಉದ್ದ ಬಿಟ್ಟು ನಿಲ್ಲಿಸಿ. ಬಹುತೇಕ ರಾಜ್ಯಗಳಲ್ಲಿ ಅದು ನಡೆಯುತ್ತದೆ. ಗಡಿಯಾಚೆ ಕೆನಡಾದ ಒಂಟಾರಿಯೊದಲ್ಲಿ ಮಾತ್ರ ಹಿಂದಿನಿಂದ ಬರುವವರು 20 ಮೀಟರ್, ಹೆಚ್ಚುಕಡಿಮೆ 65 ಅಡಿ, ದೂರದಲ್ಲೇ ನಿಲ್ಲಬೇಕು. ನಯಾಗರಾ ನೋಡಲು ಕಾರಿನಲ್ಲಿ ದಾಟುವವರು ನೆನಪಿಟ್ಟುಕೊಳ್ಳಿ.

ನಿಂತ ಮೇಲೆ ಕಣ್ಣು ಫೋನಿಗೆ ಹೋಗದಿರಲಿ. ಬಸ್ಸಿನ ಮುಂದಿನ ಬಂಪರಿನಿಂದ ಉದ್ದನೆಯ ಕೋಲಿನಂಥದ್ದು ಹೊರಗೆ ಚಾಚುವುದನ್ನು ನೋಡಿರಬಹುದು. ಅದು ಕ್ರಾಸಿಂಗ್ ಗೇಟ್. ಮಕ್ಕಳು ಬಸ್ಸಿನ ಮೂತಿಗೆ ಒರೆಸಿಕೊಂಡು ನಡೆದರೆ ಎತ್ತರದಲ್ಲಿ ಕೂತ ಡ್ರೈವರಿಗೆ ಕಾಣುವುದಿಲ್ಲ. ಅದಕ್ಕೆ ಅವರನ್ನು ದೂರ ಬಳಸಿ ಬರುವಂತೆ ಮಾಡುವ ತಡೆ. ಬಸ್ಸಿನ ಸುತ್ತ 10 ಅಡಿಯನ್ನು ಇಲ್ಲಿಯ ಶಾಲೆಗಳು ಅಪಾಯದ ವಲಯ ಎಂದೇ ಮಕ್ಕಳಿಗೆ ಕಲಿಸುತ್ತವೆ. ಮಗು ಎಷ್ಟೇ ಕಲಿತಿರಲಿ, ಕೈಯಿಂದ ಜಾರಿದ ಚಿತ್ರದ ಹಾಳೆ ಗಾಳಿಗೆ ಹಾರಿದರೆ ಅದರ ಹಿಂದೆ ಓಡುವುದೇ ಮಗುವಿನ ಗುಣ.

ಹೆಜ್ಜೆ 4: ಎದುರಿನಿಂದ ಬರುತ್ತಿದ್ದರೆ ರಸ್ತೆಯ ನಡುವೆ ಏನಿದೆ ನೋಡಿ

ಎಲ್ಲ ಜಗಳ, ಎಲ್ಲ ಟಿಕೆಟ್, ಎಲ್ಲ ‘ನನಗೆ ಗೊತ್ತಿರಲಿಲ್ಲ’ ಹುಟ್ಟುವ ಜಾಗ ಇದು. ಬಸ್ಸು ಎದುರು ಬದಿಯಲ್ಲಿ ನಿಂತಿದೆ. ನಾನು ನಿಲ್ಲಬೇಕೇ?

ಕಡೆಗೊಂದೇ ಲೇನು ಇದ್ದು, ನಡುವೆ ಬರೀ ಹಳದಿ ಗೆರೆ ಇರುವ ರಸ್ತೆಯಾದರೆ ಯೋಚನೆಯೇ ಬೇಡ, ಎರಡೂ ಕಡೆಯವರು ನಿಲ್ಲಬೇಕು. ಯಾವ ರಾಜ್ಯದಲ್ಲೂ ಇದಕ್ಕೆ ಎರಡನೇ ಮಾತಿಲ್ಲ. ಗೆರೆ ಜೋಡಿಯಿದ್ದರೂ ಅಷ್ಟೇ. ಬಣ್ಣ ಬಳಿದ ಗೆರೆ ಗೋಡೆಯಾಗುವುದಿಲ್ಲ.

ನಡುವೆ ಕಾಂಕ್ರೀಟ್ ತಡೆಗೋಡೆಯೋ ಹುಲ್ಲು ಬೆಳೆದ ಮೀಡಿಯನ್ ಪಟ್ಟಿಯೋ ಇದ್ದರೆ, ಬಹುತೇಕ ರಾಜ್ಯಗಳಲ್ಲಿ ಎದುರು ಬದಿಯವರು ನಿಲ್ಲಬೇಕಾಗಿಲ್ಲ. ಅಂಥ ರಸ್ತೆಯನ್ನು ಮಗುವಿನಿಂದ ದಾಟಿಸುವುದಿಲ್ಲ ಅನ್ನುವ ಊಹೆ ಅದರ ಹಿಂದಿದೆ. ಆದರೆ ನ್ಯೂಜೆರ್ಸಿಯಲ್ಲಿ ಹಾಗಿದ್ದರೂ ಗಂಟೆಗೆ 10 ಮೈಲಿಗೆ ಇಳಿಸಬೇಕು. ನ್ಯೂಯಾರ್ಕಿನಲ್ಲಿ ಮೀಡಿಯನ್ ಇದ್ದರೂ ನಿಲ್ಲಲೇಬೇಕು! ಹಡ್ಸನ್ ನದಿಯ ಈ ದಡದಲ್ಲಿ ಮನೆ, ಆ ದಡದಲ್ಲಿ ಕೆಲಸ ಇರುವ ನಮ್ಮವರು ಸಾವಿರಾರು ಜನ. ಸೇತುವೆ ದಾಟಿದರೆ ನಿಯಮ ಬದಲಾಯಿತು ಅನ್ನುವುದು ಅವರಲ್ಲಿ ಎಷ್ಟು ಜನಕ್ಕೆ ನೆನಪಿರುತ್ತದೋ.

ನಿಜವಾದ ತಲೆನೋವು ನಡುವೆ ಎಡಕ್ಕೆ ತಿರುಗುವವರಿಗೆಂದೇ ಬಿಟ್ಟ ಟರ್ನ್ ಲೇನ್ ಇರುವ ರಸ್ತೆ. ಅಂಗಡಿ ಸಾಲಿನ ಮುಂದೆ ಕಾಣುವ ಐದು ಲೇನಿನ ರಸ್ತೆಗಳು ಹೆಚ್ಚಾಗಿ ಹೀಗೇ: ಆ ಕಡೆ ಎರಡು, ಈ ಕಡೆ ಎರಡು, ನಡುವೆ ಒಂದು. ಟೆಕ್ಸಾಸಿನಲ್ಲಿ ಆ ನಡು ಲೇನನ್ನು ವಿಭಜಕ ಎಂದು ಒಪ್ಪುವುದಿಲ್ಲ. ಅದರ ಮೇಲೆ ಗಾಡಿ ಓಡುತ್ತದಲ್ಲ! ಹಾಗಾಗಿ ಐದು ಲೇನಾದರೂ ಎರಡೂ ಕಡೆ ನಿಲ್ಲಬೇಕು. ಉತ್ತರ ಕ್ಯಾರೊಲೈನಾದಲ್ಲಿ ಅದೇ ಐದು ಲೇನಿನ ರಸ್ತೆಯಲ್ಲಿ ಎದುರಿನವರು ನಿಲ್ಲಬೇಕಾಗಿಲ್ಲ. ಆದರೆ ನಡು ಲೇನಿಲ್ಲದ ನಾಲ್ಕು ಲೇನಿನ ರಸ್ತೆಯಾದರೆ ನಿಲ್ಲಬೇಕು. ಕ್ಯಾಲಿಫೋರ್ನಿಯಾ ಮತ್ತು ಇಲಿನಾಯ್‌ಗಳಲ್ಲಿ ಕಡೆಗೆ ಎರಡು ಲೇನು ಇದ್ದರೆ ಸಾಕು, ನಡುವೆ ಏನೂ ಇಲ್ಲದಿದ್ದರೂ ಎದುರಿನವರಿಗೆ ವಿನಾಯಿತಿ. ವಾಷಿಂಗ್ಟನ್ ರಾಜ್ಯದಲ್ಲಿ ಒಟ್ಟು ಮೂರು ಲೇನಿದ್ದರೂ ಅಷ್ಟೇ. ಡಲ್ಲಾಸಿನಿಂದ ಸಿಯಾಟಲ್‌ಗೆ ಮನೆ ಬದಲಾಯಿಸಿದವನು ನಿಂತು ಬೈಸಿಕೊಂಡಾನು. ಸಿಯಾಟಲ್‌ನಿಂದ ಡಲ್ಲಾಸಿಗೆ ಹೋದವನು ಸೀದಾ ಟಿಕೆಟ್ ತೆಗೆದುಕೊಳ್ಳುತ್ತಾನೆ.

ಇದಕ್ಕೆ ನಾನು ಹೇಳುವ ಉಪಾಯ ಸರಳ. ನೀವು ದಿನವೂ ಹೋಗುವ ರಸ್ತೆಗಳು ಹೆಚ್ಚೆಂದರೆ ನಾಲ್ಕೋ ಐದೋ: ಆಫೀಸು, ಶಾಲೆ, ದಿನಸಿ ಅಂಗಡಿ, ದೇವಸ್ಥಾನ. ಒಂದು ಭಾನುವಾರ ಆ ರಸ್ತೆಗಳಲ್ಲಿ ಹೋಗುವಾಗ ನಡುವೆ ಏನಿದೆ ಎಂದು ಗಮನಿಸಿ. ಆಮೇಲೆ ನಿಮ್ಮ ರಾಜ್ಯದ ಡ್ರೈವರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಮೋಟಾರ್ ವಾಹನ ಇಲಾಖೆಯ ತಾಣದಲ್ಲಿ ಬಿಟ್ಟಿ ಸಿಗುತ್ತದೆ; ಶಾಲಾ ಬಸ್ಸಿನ ಪುಟದಲ್ಲಿ ಸಾಮಾನ್ಯವಾಗಿ ಚಿತ್ರವೂ ಇರುತ್ತದೆ. ನಿಮ್ಮ ರಸ್ತೆ ಯಾವ ಚಿತ್ರಕ್ಕೆ ಹೊಂದುತ್ತದೆ ಎಂದು ಮೊದಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಬಸ್ಸು ಎದುರಿಗೆ ನಿಂತ ಆ ಎರಡು ಸೆಕೆಂಡಿನಲ್ಲಿ ಲೇನು ಎಣಿಸುತ್ತಾ ಕೂರುವುದು ಆಗದ ಕೆಲಸ. ಪರಊರಿನಲ್ಲಿದ್ದು ಏನೂ ತೋಚದಿದ್ದರೆ, ನಿಂತುಬಿಡಿ.

ಹೆಜ್ಜೆ 5: ಹೊರಡುವ ಹೊತ್ತು

ಕೆಂಪು ದೀಪ ಆರಿ, ಆರ್ಮ್ ಮಡಚಿಕೊಂಡ ಮೇಲೆ ಹೊರಡಿ. ಬಸ್ಸಿನ ಡ್ರೈವರ್ ತಾವೇ ಕೈಸನ್ನೆ ಮಾಡಿ ಹೋಗಿ ಎಂದರೆ ಹೋಗಬಹುದು ಎಂದು ಟೆಕ್ಸಾಸ್, ನ್ಯೂಯಾರ್ಕ್‌ನಂಥ ಕಡೆ ಕಾನೂನೇ ಹೇಳುತ್ತದೆ. ಹಿಂದಿನ ಕಾರಿನವನ ಹಾರ್ನಿಗೆ ಅಂಥ ಅಧಿಕಾರವಿಲ್ಲ. ಎಲ್ಲ ಮಕ್ಕಳೂ ಹತ್ತಿದಂತೆ ಕಂಡಿತು, ಆರ್ಮ್ ಇನ್ನೂ ಚಾಚಿದೆ, ಏನು ಮಾಡುತ್ತಿದ್ದಾರೆ ಅನಿಸುತ್ತದೆ. ಡ್ರೈವರ್ ಕನ್ನಡಿಯಲ್ಲಿ ಮಕ್ಕಳು ಕೂತರೇ ಎಂದು ನೋಡುತ್ತಿರುತ್ತಾರೆ, ಅಥವಾ ಮೂರನೇ ಮನೆಯಿಂದ ಶೂ ಲೇಸ್ ಕಟ್ಟದೆ ಓಡಿ ಬರುತ್ತಿರುವವನು ಅವರಿಗೆ ಕಂಡಿರುತ್ತಾನೆ. ಆರ್ಮ್ ಮಡಚಿದ ಮೇಲೂ ಒಂದು ಕ್ಷಣ ರಸ್ತೆಯ ಎರಡೂ ಅಂಚು ನೋಡಿ ಬಿಡಿ.

ಇನ್ನು ಕೆಲವು ಚಿಲ್ಲರೆ ಸಂದರ್ಭಗಳು. ನಾಲ್ಕು ರಸ್ತೆ ಕೂಡುವಲ್ಲಿ ಬಸ್ಸು ಕೆಂಪು ಹಾಕಿ ನಿಂತಿದ್ದರೆ ಪೆನ್ಸಿಲ್ವೇನಿಯಾದಲ್ಲಿ ಅಡ್ಡರಸ್ತೆಯಿಂದ ಬರುವವರೂ ನಿಲ್ಲಬೇಕು. ನ್ಯೂಯಾರ್ಕಿನಲ್ಲಿ ಶಾಲೆಯ ಪಾರ್ಕಿಂಗ್ ಲಾಟ್ ಒಳಗೂ ಇದೇ ನಿಯಮ. ನ್ಯೂಜೆರ್ಸಿಯಲ್ಲಿ ಬಸ್ಸು ನೇರ ಶಾಲೆಯ ಮುಂದೆ, ಶಾಲೆಯ ಬದಿಯಲ್ಲೇ ನಿಂತು ಮಕ್ಕಳನ್ನು ಇಳಿಸುತ್ತಿದ್ದರೆ 10 ಮೈಲಿ ವೇಗದಲ್ಲಿ ದಾಟಲು ಅವಕಾಶವಿದೆ, ನಾನಂತೂ ದಾಟುವುದಿಲ್ಲ. ರೈಲ್ವೆ ಕ್ರಾಸಿಂಗಿನಲ್ಲಿ ಗೇಟು ತೆರೆದಿದ್ದರೂ ಶಾಲಾ ಬಸ್ಸು ನಿಂತು, ಬಾಗಿಲು ತೆಗೆದು, ಕಿವಿಗೊಟ್ಟು ಕೇಳಿ ಹೋಗುತ್ತದೆ. 1938ರಲ್ಲಿ ಯೂಟಾದಲ್ಲಿ ಹಿಮಗಾಳಿಯ ನಡುವೆ ಶಾಲಾ ಬಸ್ಸಿಗೆ ರೈಲು ಬಡಿದ ದುರಂತದ ನಂತರ ಹಬ್ಬಿದ ಪದ್ಧತಿ ಇದು. ಹಿಂದಿರುವ ನೀವು ಅಂತರ ಬಿಟ್ಟಿರಿ.

ಕತ್ತಲಲ್ಲಿ

2018ರ ಅಕ್ಟೋಬರ್ 30ರ ಮುಂಜಾನೆ, ಇನ್ನೂ ಬೆಳಕು ಹರಿದಿರಲಿಲ್ಲ. ಇಂಡಿಯಾನಾದ ರಾಚೆಸ್ಟರ್ ಬಳಿಯ ಎರಡು ಲೇನಿನ ಹೆದ್ದಾರಿಯಲ್ಲಿ ಶಾಲಾ ಬಸ್ಸು ನಿಂತಿತ್ತು. ಕೆಂಪು ದೀಪ ಮಿಣುಕುತ್ತಿತ್ತು, ಆರ್ಮ್ ಚಾಚಿತ್ತು. ಬಸ್ಸು ಹತ್ತಲು ರಸ್ತೆ ದಾಟುತ್ತಿದ್ದ ಒಂದೇ ಮನೆಯ ಮೂವರು ಮಕ್ಕಳು ಎದುರಿನಿಂದ ಬಂದ ಪಿಕಪ್‌ಗೆ ಸಿಕ್ಕಿ ತೀರಿಕೊಂಡರು. ಅವರಲ್ಲಿ ಇಬ್ಬರು ಆರು ವರ್ಷದ ಅವಳಿಗಳು. ಪಿಕಪ್ ಓಡಿಸುತ್ತಿದ್ದಾಕೆ ಕುಡಿದಿರಲಿಲ್ಲ. ದೀಪಗಳು ಕಂಡವು, ಅದು ಶಾಲಾ ಬಸ್ಸು ಎಂದು ಹೊಳೆಯುವ ಹೊತ್ತಿಗೆ ತಡವಾಗಿತ್ತು ಎಂದು ಹೇಳಿದಳು. ಮರುವರ್ಷ ಇಂಡಿಯಾನಾ ತನ್ನ ಕಾನೂನನ್ನು ಬಿಗಿ ಮಾಡಿತು.

ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗಿನ ಮೊದಲ ಬಸ್ಸುಗಳು ಓಡುವುದು ಇಂಥದೇ ಕತ್ತಲಿನಲ್ಲಿ. ದೂರದಲ್ಲಿ ಯಾವುದೇ ದೀಪಗಳ ಗೊಂಚಲು ಮಿಣುಕುತ್ತಿದ್ದು ಏನೆಂದು ತಿಳಿಯದಿದ್ದರೆ, ತಿಳಿಯುವವರೆಗೆ ವೇಗ ಇಳಿಸಿ. ಆಂಬುಲೆನ್ಸೋ ಕಸದ ಲಾರಿಯೋ ಆಗಿದ್ದರೆ ಕಳೆದುಕೊಳ್ಳುವುದು ಹತ್ತು ಸೆಕೆಂಡ್.

ಹೆಜ್ಜೆ 6: ಟಿಕೆಟ್ ಬಂದರೆ

ಇಷ್ಟೆಲ್ಲ ಗೊತ್ತಿದ್ದೂ ತಪ್ಪಾಗುತ್ತದೆ. ಇಲ್ಲೇ ಹುಟ್ಟಿ ಬೆಳೆದವರೂ ಮಾಡುತ್ತಾರೆ. ರಾಜ್ಯಗಳ ಶಾಲಾ ಸಾರಿಗೆ ಅಧಿಕಾರಿಗಳ ಸಂಘ ವರ್ಷಕ್ಕೊಮ್ಮೆ ಡ್ರೈವರುಗಳಿಂದ ಒಂದು ದಿನದ ಎಣಿಕೆ ಮಾಡಿಸುತ್ತದೆ. 2022-23ರ ಶಾಲಾ ವರ್ಷದಲ್ಲಿ ದೇಶದಾದ್ಯಂತ 4 ಕೋಟಿಗೂ ಹೆಚ್ಚು ಸಲ ಹೀಗೆ ದಾಟಿರಬಹುದು ಎಂದು ಅದರ ಅಂದಾಜು.

ಟಿಕೆಟ್ ಎರಡು ದಾರಿಯಲ್ಲಿ ಬರುತ್ತದೆ. ಪೊಲೀಸ್ ನಿಲ್ಲಿಸಿ ಕೊಟ್ಟರೆ ಅದು ಓಡಿಸುತ್ತಿದ್ದವರ ಹೆಸರಿಗೆ. ದಂಡದ ಜೊತೆ ಲೈಸೆನ್ಸಿಗೆ ಪಾಯಿಂಟ್ಸ್, ಅಂದರೆ ತಪ್ಪಿನ ಅಂಕಗಳು, ಬೀಳುತ್ತವೆ, ಇನ್ಶೂರೆನ್ಸ್ ಏರುತ್ತದೆ. ಈಗ ಹಲವು ಕಡೆ ಸ್ಟಾಪ್ ಆರ್ಮಿನ ಹತ್ತಿರವೇ ಕ್ಯಾಮೆರಾ ಇದೆ; ಅದರ ಟಿಕೆಟ್ ಅಂಚೆಯಲ್ಲಿ ಕಾರಿನ ಮಾಲೀಕರ ಹೆಸರಿಗೆ ಬರುತ್ತದೆ. ನ್ಯೂಯಾರ್ಕಿನಲ್ಲಿ ಕ್ಯಾಮೆರಾ ಟಿಕೆಟ್ ಮೊದಲ ಸಲ 250 ಡಾಲರ್, ಪಾಯಿಂಟ್ಸ್ ಇಲ್ಲ. ಬಾಡಿಗೆ ಕಾರಾದರೆ ಬಾಡಿಗೆ ಕಂಪನಿ ತನ್ನ ಶುಲ್ಕವನ್ನೂ ಸೇರಿಸಿ ನಿಮ್ಮ ಕಾರ್ಡಿಗೆ ಹಾಕುವುದುಂಟು. ಟಿಕೆಟ್ ಬಾಕಿ ಇದೆ, ಈ ಲಿಂಕ್ ಒತ್ತಿ ಎಂದು ಫೋನಿಗೆ ಬರುವ ಮೆಸೇಜನ್ನು ಮಾತ್ರ ನಂಬಬೇಡಿ. ಆ ಹೆಸರಿನಲ್ಲಿ ಮೋಸ ನಡೆಯುತ್ತಿದೆ.

ಪೊಲೀಸ್ ಕೊಡುವ ಟಿಕೆಟ್ಟಿನ ದಂಡ ರಾಜ್ಯಕ್ಕೊಂದು ಥರ. ನ್ಯೂಜೆರ್ಸಿಯಲ್ಲಿ ಮೊದಲ ತಪ್ಪಿಗೆ ಕನಿಷ್ಠ 100 ಡಾಲರ್, 5 ಪಾಯಿಂಟ್ಸ್, ಜೊತೆಗೆ 15 ದಿನದವರೆಗೆ ಜೈಲು ಅಥವಾ ಸಮುದಾಯ ಸೇವೆಗೂ ಅವಕಾಶವಿದೆ. ಪೆನ್ಸಿಲ್ವೇನಿಯಾದಲ್ಲಿ 250 ಡಾಲರ್, 5 ಪಾಯಿಂಟ್ಸ್, 60 ದಿನ ಲೈಸೆನ್ಸ್ ಅಮಾನತು. ಇಲಿನಾಯ್‌ನಲ್ಲಿ 300 ಡಾಲರ್ ಮತ್ತು 3 ತಿಂಗಳ ಅಮಾನತು. ಟೆಕ್ಸಾಸಿನಲ್ಲಿ 500ರಿಂದ 1,250 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ 1,000 ಡಾಲರ್‌ವರೆಗೂ ಹೋಗಬಹುದು, ವರ್ಷದ ಮಟ್ಟಿಗೆ ಲೈಸೆನ್ಸೂ ಹೋಗಬಹುದು. ಒಂಟಾರಿಯೊದಲ್ಲಿ 400ರಿಂದ 2,000 ಕೆನಡಾ ಡಾಲರ್, 6 ಪಾಯಿಂಟ್ಸ್. ಕಾರಿಲ್ಲದೆ ಹಾಲು ತರಲೂ ಆಗದ ಊರಿನಲ್ಲಿ ಲೈಸೆನ್ಸ್ ಅಮಾನತಾದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ವರ್ಜೀನಿಯಾ ಮತ್ತು ಉತ್ತರ ಕ್ಯಾರೊಲೈನಾದಲ್ಲಿ ಇರುವವರು ಇನ್ನೂ ಎಚ್ಚರವಾಗಿರಿ. ಅಲ್ಲಿ ಇದು ಬರೀ ಟ್ರಾಫಿಕ್ ತಪ್ಪಲ್ಲ, ಮಿಸ್‌ಡಿಮೀನರ್ ಎಂಬ ಕ್ರಿಮಿನಲ್ ಅಪರಾಧ. ವರ್ಜೀನಿಯಾದಲ್ಲಿ ರೆಕ್‌ಲೆಸ್ ಡ್ರೈವಿಂಗ್ ಎಂದು ಕೇಸು ಬಿದ್ದರೆ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ವಿಧಿಸಬಹುದು. ವೀಸಾದ ಮೇಲೆ ಇರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು ‘ದುಡ್ಡು ಬಿಸಾಕಿ ಮುಗಿಸೋಣ’ ಎಂದು ಆನ್‌ಲೈನಿನಲ್ಲಿ ಕಟ್ಟಿಬಿಡಬೇಡಿ. ಟಿಕೆಟ್ಟಿನ ದಂಡ ಕಟ್ಟಿದರೆ ಸಾಮಾನ್ಯವಾಗಿ ತಪ್ಪೊಪ್ಪಿಕೊಂಡಂತೆ. ಮುಂದೆ ಅರ್ಜಿಗಳಲ್ಲಿ ಅದರ ಬಗ್ಗೆ ಉತ್ತರ ಹೇಳಬೇಕಾಗಬಹುದು. ಮೊದಲು ಟ್ರಾಫಿಕ್ ವಕೀಲರನ್ನು, ಬೇಕಿದ್ದರೆ ವಲಸೆ ವಕೀಲರನ್ನು ಕೇಳಿ. ಕೋರ್ಟಿನ ತಾರೀಖು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ವರ್ಜೀನಿಯಾದ ಮಾತು ಬಂದಾಗ ಒಂದು ತಮಾಷೆ ಹೇಳದೆ ಮುಂದೆ ಹೋಗಲಾರೆ. 1970ರಲ್ಲಿ ಅಲ್ಲಿಯ ಕಾನೂನನ್ನು ತಿದ್ದುವಾಗ ಇಂಗ್ಲಿಷ್ ವಾಕ್ಯದಿಂದ ‘ಆಟ್’ ಅನ್ನುವ ಪುಟ್ಟ ಪದವೊಂದು ಉದುರಿಹೋಗಿತ್ತು. ಕನ್ನಡದಲ್ಲಿ ಹೇಳುವುದಾದರೆ ವಿಭಕ್ತಿ ಕೆಟ್ಟಿತ್ತು. ‘ನಿಂತ ಬಸ್ಸಿನ ಬಳಿ ನಿಲ್ಲದವನು ಅಪರಾಧಿ’ ಎಂದು ಇರಬೇಕಾದದ್ದು ‘ನಿಂತ ಬಸ್ಸನ್ನು ನಿಲ್ಲಿಸದವನು ಅಪರಾಧಿ’ ಎಂದಾಗಿತ್ತು. ನಿಂತಿದ್ದನ್ನು ನಿಲ್ಲಿಸುವುದು ಹೇಗೆ? 40 ವರ್ಷ ಯಾರೂ ಗಮನಿಸಿರಲಿಲ್ಲ. 2010ರಲ್ಲಿ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಒಬ್ಬರ ವಕೀಲರು ಇದನ್ನೇ ಹಿಡಿದು ವಾದಿಸಿದರು, ನ್ಯಾಯಾಧೀಶರು ಒಪ್ಪಿ ಬಿಟ್ಟುಬಿಟ್ಟರು. 2011ರಲ್ಲಿ ಶಾಸನಸಭೆ ಅದನ್ನು ಸರಿಪಡಿಸಿತು. ಈಗ ಆ ವಾದ ಹೂಡಲು ಹೋಗಬೇಡಿ.

ಹೆಜ್ಜೆ 7: ಅಜ್ಜಿ ತಾತ ಊರಿಂದ ಬಂದಾಗ

ಇದು ಓಡಿಸುವವರಿಗಿಂತ ಮನೆಯವರಿಗೆ. ಆರು ತಿಂಗಳಿಗೆಂದು ಊರಿಂದ ಬಂದ ಅಪ್ಪ ಅಮ್ಮನಿಗೆ ಮೊಮ್ಮಗಳನ್ನು ಬಸ್ಸಿಗೆ ಬಿಡುವ ಕೆಲಸ ಬಲು ಪ್ರೀತಿಯದು. ಸ್ವೆಟರು, ಮಂಕಿ ಟೋಪಿ, ಕೈಯಲ್ಲಿ ಮಗುವಿನ ಬ್ಯಾಗು. ನಮ್ಮಮ್ಮ ಒಂದು ದಿನ ಮಧ್ಯಾಹ್ನ ಬಸ್ಸು ಬರುವ ಹೊತ್ತಿಗೆ ರಸ್ತೆಯ ಈಚೆ, ಮನೆಯ ಬದಿಯಲ್ಲೇ ನಿಂತಿದ್ದರು. ಮಗು ಇಳಿದದ್ದು ಆಚೆ. ಅಮ್ಮ ಎರಡೂ ಕೈ ಚಾಚಿ ‘ಬಾರೇ ಪುಟ್ಟಿ’ ಅಂದರು. ಪುಟ್ಟಿ ಡ್ರೈವರಿನ ಸನ್ನೆಗೂ ಕಾಯದೆ ಓಡಿತು. ಕೆಂಪು ದೀಪವಿತ್ತು, ಎರಡೂ ಕಡೆ ಕಾರು ನಿಂತಿದ್ದವು, ಏನೂ ಆಗಲಿಲ್ಲ. ನಿಲ್ಲದೆ ಹೋದವನೂ ಒಮ್ಮೆ ನಾನೇ ಆಗಿದ್ದೆನಲ್ಲ, ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನದಿಂದ ಮನೆಯಲ್ಲಿ ಹೊಸ ಕ್ರಮ. ಮಗು ಯಾವ ಬದಿಯಲ್ಲಿ ಇಳಿಯುತ್ತದೋ ದೊಡ್ಡವರು ಮೊದಲೇ ದಾಟಿ ಆ ಬದಿಯಲ್ಲಿ ನಿಂತಿರಬೇಕು. ರಸ್ತೆಯ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ. ದಾಟುವ ಮುಂಚೆ ಮಗುವೂ ಅಜ್ಜಿಯೂ ಡ್ರೈವರಿನ ಮುಖ ನೋಡಬೇಕು; ಅವರು ಕೈಯಾಡಿಸಿದ ಮೇಲೆ, ಕೈ ಹಿಡಿದು, ಬಸ್ಸಿನ ಮೂತಿಯಿಂದ ಹತ್ತು ಹೆಜ್ಜೆ ಮುಂದೆ ಬಳಸಿ ದಾಟಬೇಕು. ಬಿದ್ದದ್ದನ್ನು ಎತ್ತಿಕೊಳ್ಳುವಂತಿಲ್ಲ, ಬಸ್ಸು ಹೋದ ಮೇಲೆ ನೋಡೋಣ. ಬಸ್ಸಿನ ಹಿಂದಿನಿಂದ ಯಾವತ್ತೂ ದಾಟುವಂತಿಲ್ಲ. ನಮ್ಮಮ್ಮ ಇದನ್ನು ಎರಡೇ ದಿನದಲ್ಲಿ ಕಲಿತರು, ಮೂರನೇ ದಿನ ಡ್ರೈವರಮ್ಮನಿಗೆ ಚಕ್ಕುಲಿ ಕೊಟ್ಟು ಬಂದರು. ಸಣ್ಣ ಮಕ್ಕಳನ್ನು ಕರೆದುಕೊಳ್ಳಲು ದೊಡ್ಡವರು ಇರದಿದ್ದರೆ ಹಲವು ಶಾಲೆಗಳು ಮಗುವನ್ನು ಇಳಿಸದೆ ವಾಪಸು ಕರೆದೊಯ್ಯುತ್ತವೆ. ಕರೆದುಕೊಳ್ಳುವವರಲ್ಲಿ ಅಜ್ಜಿಯ ಹೆಸರನ್ನೂ ಶಾಲೆಗೆ ಮೊದಲೇ ಕೊಟ್ಟಿರಿ.

ಕೊನೆಗೆ ವೇಳೆಯ ಬಗ್ಗೆ. ಹಲವು ಊರುಗಳಲ್ಲಿ ಒಂದೇ ಬಸ್ಸು ಬೆಳಿಗ್ಗೆ ಆರೂವರೆಗೆ ಹೈಸ್ಕೂಲಿನವರನ್ನು, ಆಮೇಲೆ ನಡುವಿನ ತರಗತಿಯವರನ್ನು, ಎಂಟೂವರೆಯ ಸುಮಾರಿಗೆ ಚಿಕ್ಕವರನ್ನು ಒಯ್ಯುತ್ತದೆ. ಅಂದರೆ ಒಂದೇ ತಿರುವಿನಲ್ಲಿ ಮೂರು ಸಲ ಸಿಗುತ್ತದೆ. ಒಂಬತ್ತರ ನಂತರ ಹೊರಟರೆ ಬಸ್ಸಿನ ಕಾಟವಿಲ್ಲ ಎಂದು ನಾನೂ ಅಂದುಕೊಂಡಿದ್ದೆ. ಹಿಮ ಬಿದ್ದ ರಾತ್ರಿಯ ಮರುದಿನ ಶಾಲೆ ಎರಡು ಗಂಟೆ ತಡ ಎಂದು ಮೆಸೇಜ್ ಬಂದಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದ ಮನೆಯವರಿಗೆ ಅದು ತಿಳಿಯುವುದೇ ಇಲ್ಲ. ಆ ದಿನ ಎಂಟೂವರೆಯ ಬಸ್ಸು ಹತ್ತೂವರೆಗೆ ಬರುತ್ತದೆ. ಕಾಲುದಾರಿಯ ಮೇಲೆ ಹಿಮದ ರಾಶಿ ಇರುವುದರಿಂದ ಮಕ್ಕಳು ರಸ್ತೆಯ ಅಂಚಿನಲ್ಲೇ ಕಾಯುತ್ತಿರುತ್ತಾರೆ.